ಇವತ್ತು ಯಾರು ಹಾರಿಸಿದ್ದು?

2025ರ ಜೂನ್ 25, ಬುಧವಾರ. ಫ್ಲಾರಿಡಾದಿಂದ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಕೂತಿದ್ದ ರಾಕೆಟ್ ಮೇಲೇಳುವಾಗ ನಮ್ಮಲ್ಲಿ ಮಧ್ಯಾಹ್ನ ಹನ್ನೆರಡು ದಾಟಿ ಒಂದು ನಿಮಿಷ. ನಾನು ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದೆ. ಅಪ್ಪ ಟಿವಿಯ ಎದುರಿಗೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತಿದ್ದ. ವರ್ಷಗಟ್ಟಲೆ ಜೆಟ್ ಇಂಜಿನ್ನುಗಳ ಪಕ್ಕ ನಿಂತ ಕಿವಿ ಅದು, ಈಗ ಟಿವಿಯ ಸದ್ದು ಬೀದಿಗೆ ಕೇಳುವಷ್ಟು ಇಟ್ಟರೇ ಸಮಾಧಾನ. ನಿರೂಪಕರು ಕಿರುಚಿದರು, ಪಕ್ಕದ ಮನೆಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು:

"ಬ್ಯಾಕಪ್ ಯಾರು?"

ಪ್ರಶಾಂತ್ ಬಾಲಕೃಷ್ಣನ್ ನಾಯರ್ ಅಂದೆ. ಕೇಳಿಸಲಿಲ್ಲ. ಕಿವಿಯ ಹತ್ತಿರ ಹೋಗಿ ಇನ್ನೊಮ್ಮೆ ಕೂಗಿ ಹೇಳಿದೆ. ಆ ಹೆಸರನ್ನು ಎರಡು ಸಲ ತನ್ನಷ್ಟಕ್ಕೇ ಹೇಳಿಕೊಂಡು, ತಲೆಯಾಡಿಸಿ, ಊಟಕ್ಕೆ ಎದ್ದ.

ಊರೆಲ್ಲ ಶುಕ್ಲಾ ಶುಕ್ಲಾ ಅನ್ನುತ್ತಿದ್ದ ಆ ಹೊತ್ತಿನಲ್ಲಿ ನೆಲದ ಮೇಲೆ ಉಳಿದವನ ಹೆಸರು ಕೇಳುವುದು ಹ್ಯಾಂಗರಿನಲ್ಲಿ ಬದುಕು ಕಳೆದವರಿಗೆ ಮಾತ್ರ ಸಾಧ್ಯ ಅಂತ ಕಾಣುತ್ತದೆ. ನನಗೆ ಆ ಪ್ರಶ್ನೆ ನಲವತ್ತೊಂದು ವರ್ಷ ಹಿಂದಕ್ಕೆ ದಾರಿ ತೋರಿಸಿತು.

ಅಪ್ಪ ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಫಿಟ್ಟರ್. ನಾವಿದ್ದದ್ದು ವಿಮಾನಪುರದ ಆಚೆ, ರನ್‌ವೇಯ ಬೇಲಿಗೆ ಹತ್ತಿರದ ಒಂದು ವಠಾರದಲ್ಲಿ. ನಮ್ಮ ಕಡೆಯ ಮಕ್ಕಳಿಗೆ ವಿಮಾನ ಅಂದರೆ ನೋಡುವ ವಸ್ತುವಲ್ಲ, ಕೇಳುವ ವಸ್ತು. ನಾಗರಿಕ ವಿಮಾನಗಳೂ ಆಗ ಅದೇ ರನ್‌ವೇಯಲ್ಲಿ ಇಳಿಯುತ್ತಿದ್ದವು. ಆವ್ರೋ ಬಂದರೆ ತೆಳ್ಳಗಿನ ಸಿಳ್ಳೆ. ಕಿರಣ್ ಬಂದರೆ ಪಾತ್ರೆಯ ಮೇಲೆ ಮರಳು ಉಜ್ಜಿದ ಸದ್ದು. ಜಾಗ್ವಾರ್ ಎದ್ದರೆ ಅಮ್ಮ ಗೂಡಿನ ಮೇಲಿಟ್ಟ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಕಣ್ಣು ಮುಚ್ಚಿಕೊಂಡು ಹೆಸರು ಹೇಳುವ ಪಂದ್ಯದಲ್ಲಿ ನಮ್ಮ ಬೀದಿಗೆ ನಾನೇ ಮುಂದು. ಹುಡುಗರು ಒಪ್ಪದೆ ಜಗಳ ಬಂದರೆ ಸಂಜೆ ಅಪ್ಪನ ತೀರ್ಪು. ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆಯುತ್ತಿರುವಾಗಲೇ ನಾನು ಹೋಗಿ ನಿಲ್ಲುತ್ತಿದ್ದೆ. ವಿಮಾನ ಯಾವುದು ಅನ್ನುವುದು ಮೊದಲ ಪ್ರಶ್ನೆ. ಎರಡನೆಯದು ಯಾವಾಗಲೂ ಒಂದೇ: "ಅಪ್ಪ, ಇವತ್ತು ಯಾರು ಹಾರಿಸಿದ್ದು?"

ಉತ್ತರವಾಗಿ ಯಾವುದೋ ಟೆಸ್ಟ್ ಪೈಲಟ್‌ನ ಅಡ್ಡಹೆಸರು ಬರುತ್ತಿತ್ತು, ಜೊತೆಗೆ ಒಂದು ಸ್ನ್ಯಾಗ್. ಸ್ನ್ಯಾಗ್ ಅನ್ನುವುದು ನಮ್ಮ ಮನೆಯಲ್ಲಿ ಉಪ್ಪು, ಹುಣಸೆಹಣ್ಣಿನಷ್ಟೇ ಬಳಕೆಯ ಮಾತು. ಹೊಸ ವಿಮಾನ ಹ್ಯಾಂಗರಿನಿಂದ ಹೊರಬಿದ್ದ ಕೂಡಲೇ ವಾಯುಪಡೆ ಅದನ್ನು ಒಯ್ಯುವುದಿಲ್ಲ. ಮೊದಲು ನೆಲದ ಮೇಲೆ ಇಂಜಿನ್ ಓಡಿಸಬೇಕು, ಆಮೇಲೆ ಕಾರ್ಖಾನೆಯ ಪೈಲಟ್ ಹಾರಿಸಬೇಕು. ಅವನು ತೊಡೆಗೆ ಕಟ್ಟಿಕೊಂಡ ಪ್ಯಾಡಿನಲ್ಲಿ ಗುರುತು ಹಾಕಿಕೊಂಡು ಬಂದು ಇಳಿದ ಮೇಲೆ ದೋಷಗಳನ್ನು ಒಂದೊಂದಾಗಿ ಹೇಳುತ್ತಾನೆ. ಅವೇ ಸ್ನ್ಯಾಗ್‌ಗಳು. ಎಡಕ್ಕೆ ಒಂಚೂರು ಎಳೆಯುತ್ತದೆ ಅಂದರೆ ಅಪ್ಪನಂಥವರು ರೆಕ್ಕೆಯ ಅಂಚಿನ ಪಟ್ಟಿಯನ್ನು ಕೂದಲೆಳೆಯಷ್ಟು ಬಗ್ಗಿಸುತ್ತಾರೆ, ಪೈಲಟ್ ಮತ್ತೆ ಹಾರುತ್ತಾನೆ. ಪುಸ್ತಕದಲ್ಲಿ ಸ್ನ್ಯಾಗ್ ಒಂದೂ ಇಲ್ಲವೆನ್ನುವವರೆಗೂ ಇದೇ ಪಾಡು. ಅಮ್ಮನೂ ಸಾರಿಗೆ ಉಪ್ಪು ಕಡಿಮೆಯಾದರೆ "ಏನಾದ್ರೂ ಸ್ನ್ಯಾಗ್ ಇದ್ರೆ ಈಗಲೇ ಹೇಳ್ಬಿಡಿ" ಅನ್ನುತ್ತಿದ್ದಳು.

ಟೆಸ್ಟ್ ಪೈಲಟ್ ಆಗುವುದೆಂದರೇನು ಅನ್ನುವುದು ನಮಗೆ ರಸ್ತೆಯ ಹೆಸರಿನಲ್ಲೇ ಬರೆದಿತ್ತು. ಹಳೆ ಮದ್ರಾಸು ರಸ್ತೆಯಿಂದ ವಿಮಾನ ನಿಲ್ದಾಣದ ಕಡೆ ಬರುವ ದಾರಿ ಸುರಂಜನ್ ದಾಸ್ ರಸ್ತೆ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ 1961ರ ಜೂನ್ 17ರಂದು ಮಾರುತ್ ಯುದ್ಧವಿಮಾನವನ್ನು ಮೊದಲ ಸಲ ಹಾರಿಸಿದವರು. 1970ರ ಜನವರಿ 10ರಂದು ಅದರದೇ ಇನ್ನೊಂದು ಮಾದರಿಯ ಪರೀಕ್ಷೆಯಲ್ಲಿ ಇದೇ ರನ್‌ವೇಯಿಂದ ಏಳುತ್ತಲೇ ಬಿದ್ದು ತೀರಿಕೊಂಡರು. ಆ ದಿನ ಅಪ್ಪ ಡ್ಯೂಟಿಯಲ್ಲಿದ್ದ. ಅದರ ಬಗ್ಗೆ ಅವನು ಮಾತಾಡಿದ್ದನ್ನು ನಾನು ಕೇಳಿಲ್ಲ. ಬಸ್ಸು ಆ ರಸ್ತೆಗೆ ತಿರುಗಿದಾಗ ಮಾತ್ರ ಸುಮ್ಮನಾಗುತ್ತಿದ್ದ.

ಇಂಥ ಮನೆಗೆ 1984ರ ಯುಗಾದಿ ಬಂತು. ಹೊಸ ಸಂವತ್ಸರದ ಹೆಸರು ರಕ್ತಾಕ್ಷಿ, ಕೆಂಗಣ್ಣಿನವಳು. ಹೆಸರು ಕೇಳಿಯೇ ಅಜ್ಜಿ "ಈ ವರ್ಷ ಏನು ಕಾದಿದೆಯೋ" ಅಂದಿದ್ದಳು. (ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯಾದಾಗ "ನಾನು ಆವತ್ತೇ ಅಂದಿರಲಿಲ್ವಾ" ಅಂದಳು. ಅವಳು ಪ್ರತಿ ವರ್ಷವೂ ಹಾಗೆ ಅನ್ನುತ್ತಿದ್ದಳು ಅನ್ನುವುದು ಬೇರೆ ವಿಷಯ.) ಏಪ್ರಿಲ್ 2 ಸೋಮವಾರ ಯುಗಾದಿ, ಮಾರನೆಯ ದಿನ ಹೊಸತೊಡಕು. ಮನೆತುಂಬ ಮಟನ್ ಸಾರಿನ ಘಮ, ಹಜಾರದಲ್ಲಿ ಚಿಕ್ಕಪ್ಪಂದಿರ ಇಸ್ಪೀಟು. ಆ ಮಂಗಳವಾರ ಸಂಜೆ, ಆರೂವರೆ ದಾಟಿದ ಹೊತ್ತಿಗೆ, ಸೋವಿಯತ್ ಒಕ್ಕೂಟದ ಬೈಕನೂರಿನಿಂದ ಸೊಯೂಜ್ ಟಿ-11 ಮೇಲೆದ್ದಿತು. ಅದರಲ್ಲಿ ಯೂರಿ ಮಾಲಿಶೆವ್, ಗೆನ್ನಾಡಿ ಸ್ಟ್ರೆಕಾಲೊವ್, ಮತ್ತು ನಮ್ಮ ಸ್ಕ್ವಾಡ್ರನ್ ಲೀಡರ್ ರಾಕೇಶ್ ಶರ್ಮಾ.

ನನಗೆ ಹನ್ನೊಂದು ವರ್ಷ. ನಮ್ಮ ವಠಾರದಲ್ಲಿದ್ದದ್ದು ಒಂದೇ ಟಿವಿ. ಎದುರುಮನೆಯ ಸೂಪರ್‌ವೈಸರದು, ಬಾಗಿಲು ಎಳೆದು ಮುಚ್ಚುವಂಥ ಕಪ್ಪು-ಬಿಳುಪು ಡಯನೋರಾ. ಆವತ್ತು ಇಸ್ಪೀಟೂ ನಿಂತಿತು. ಕೈ ತೊಳೆಯದೆ ಎದ್ದು ಬಂದ ಚಿಕ್ಕಪ್ಪನ ಕೈಯಲ್ಲಿ ಇನ್ನೂ ನಲ್ಲಿಮೂಳೆ. ಅಜ್ಜಿಯದು ಒಂದೇ ಚಿಂತೆ: "ಅಲ್ಲಿ ಊಟಕ್ಕೇನು ಮಾಡ್ತಾನೆ?" ಮೈಸೂರಿನಿಂದಲೇ ಕಟ್ಟಿ ಕಳಿಸಿದ್ದಾರಂತೆ ಅಂದ ಅಪ್ಪ. ನಿಜವೇ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಈ ಪ್ರಯಾಣಕ್ಕೆಂದೇ ತಿನಿಸು ತಯಾರಿಸಿದ್ದರು, ಮಾವಿನ ರಸ ಒಣಗಿಸಿದ ಪಟ್ಟಿಯೂ ಅದರಲ್ಲಿತ್ತು. ಮೈಸೂರು ಅಂದ ಕೂಡಲೇ ಅಜ್ಜಿಗೆ ಶರ್ಮಾ ನೆಂಟರ ಹುಡುಗನಾಗಿಬಿಟ್ಟರು.

ಆ ವಾರದಲ್ಲೇ ಇಂದಿರಾ ಗಾಂಧಿ ಶರ್ಮಾರ ಜೊತೆ ಮಾತಾಡಿದ್ದನ್ನು ನೋಡಿದೆವು. ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಅಂತ ಅವರು ಕೇಳಿದರು, ಇವರು ಇಕ್ಬಾಲರ ಗೀತೆಯ ಮೊದಲ ಮಾತುಗಳನ್ನೇ ಉತ್ತರವಾಗಿ ಕೊಟ್ಟರು. ಅಜ್ಜಿಗೆ ಹಿಂದಿ ಬಾರದು. ಏನಂದ ಏನಂದ ಅಂತ ಅಪ್ಪನ ಭುಜ ತಿವಿದಳು.

"ಎಲ್ಲದಕ್ಕಿಂತ ನಮ್ಮೂರೇ ಚೆಂದ ಅಂತಿದಾರೆ, ಅವ್ವ."

"ಊರು ಬಿಟ್ಟು ಹೋದೋರೆಲ್ಲ ಹಂಗೇ ಅನ್ನೋದು," ಅಂದಳು ಅಜ್ಜಿ.

ಆಮೇಲಿನ ಒಂದು ವರ್ಷ ನನಗೆ ಬೇರೆ ಲೋಕವಿರಲಿಲ್ಲ. ಪೇಪರಿನಲ್ಲಿ ಬಂದ ಚಿತ್ರಗಳನ್ನು ಕತ್ತರಿಸಿ ಗಂಜಿ ಹಚ್ಚಿ ನೋಟ್‌ಬುಕ್ಕಿಗೆ ಅಂಟಿಸಿದೆ. ಆ ಕಾಲದ ಮಕ್ಕಳು ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೆಯಲ್ಲಿ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದರಲ್ಲ, ಸ್ಪುಟ್ನಿಕ್ ಚಿತ್ರವಿದ್ದ ಹಾಳೆಗಾಗಿ ನಾನು ನನ್ನ ಎರಡು ಬುಗುರಿ ಕೊಟ್ಟಿದ್ದೆ. ಶರ್ಮಾ ಮೇಲಿದ್ದದ್ದು 7 ದಿನ, 21 ಗಂಟೆ, 40 ನಿಮಿಷ: ಈ ಲೆಕ್ಕ ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು. ಹೋದದ್ದು ಟಿ-11ರಲ್ಲಿ, ಬಂದದ್ದು ಟಿ-10ರಲ್ಲಿ ಅನ್ನುವುದನ್ನು ಕ್ಲಾಸಿನಲ್ಲಿ ಹೇಳಿ ಮೇಷ್ಟರ ಬಾಯಿ ಮುಚ್ಚಿಸಿದ್ದೆ. ಸಲ್ಯೂತ್-7 ನಿಲ್ದಾಣದಲ್ಲಿ ಆಗಲೇ ಮೂವರು ಇದ್ದರು. ಅವರ ಹಳೆಯ ನೌಕೆಯನ್ನು ತೆಗೆದುಕೊಂಡು, ಹೊಸದನ್ನು ಅವರಿಗೆ ಬಿಟ್ಟು, ಏಪ್ರಿಲ್ 11ರಂದು ಇವರು ಇಳಿದರು. ನಮ್ಮೂರ ಬಸ್ ಡಿಪೋದ ಲೆಕ್ಕಾಚಾರವೇ ಅದು, ಅಂದ ಅಪ್ಪ.

ಕತ್ತರಿಸಿ ಅಂಟಿಸಿದ ಚಿತ್ರಗಳಲ್ಲಿ ಒಂದರಲ್ಲಿ ಇಬ್ಬರು ಭಾರತೀಯರಿದ್ದರು. ಮಾಸ್ಕೋ ಹತ್ತಿರದ ನಕ್ಷತ್ರ ನಗರಿಯಲ್ಲಿ ತರಬೇತಿ ಪಡೆದದ್ದು ಇಬ್ಬರು, ರಾಕೇಶ್ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ. ಇಬ್ಬರೂ ವಾಯುಪಡೆಯ ಟೆಸ್ಟ್ ಪೈಲಟ್‌ಗಳು, ಇಬ್ಬರೂ ರಷ್ಯನ್ ಭಾಷೆ ಕಲಿತರು, ಎಲ್ಲದಕ್ಕೂ ಇಬ್ಬರೂ ಸಿದ್ಧ. ಕೊನೆಗೆ ಒಬ್ಬರು ಹೋದರು. ಮಲ್ಹೋತ್ರಾರ ಚಿತ್ರವನ್ನು ನಾನು ಅರ್ಧಕ್ಕೆ ಕತ್ತರಿಸಿ ಎಸೆದಿದ್ದೆ, ಶರ್ಮಾ ಮಾತ್ರ ನೋಟ್‌ಬುಕ್ಕಿಗೆ ಹೋದರು. ಅಪ್ಪ ಅದನ್ನು ನೋಡಿದ. ಕಸದ ಬುಟ್ಟಿಯಿಂದ ಆ ಅರ್ಧವನ್ನು ಎತ್ತಿ, ಮಡಿಕೆ ಬಿಡಿಸಿ, ಪಕ್ಕದಲ್ಲಿಟ್ಟು, "ಇದನ್ನೂ ಅಂಟಿಸು. ಇವರಿಲ್ದೆ ಅವರು ಹೋಗಕ್ಕಾಯ್ತಿರಲಿಲ್ಲ" ಅಂದ. ಗದರಲಿಲ್ಲ. ನಾನು ಅಂಟಿಸಿದೆ. ನಡುವಿನ ಕತ್ತರಿಯ ಗೆರೆ ಹಾಗೇ ಉಳಿಯಿತು.

ನನಗೆ ಆಗ ಆ ಮಾತು ಹಿಡಿಸಿರಲಿಲ್ಲ. ಹೋಗದವನನ್ನು ಇಟ್ಟುಕೊಂಡು ಹನ್ನೊಂದು ವರ್ಷದ ಹುಡುಗ ಏನು ಮಾಡಬೇಕು?

ಇಲ್ಲಿ ದಾಸವಾಳದ ವಿಷಯ ಹೇಳಬೇಕು. ನಮ್ಮ ಹಿತ್ತಲಲ್ಲಿ ಕೆಂಪು ದಾಸವಾಳದ ಗಿಡವಿತ್ತು. ಬೆಳಿಗ್ಗೆ ಪೂಜೆಗೆ ಹೂ ಬಿಡಿಸಿಕೊಂಡು ಬರುವುದು ನನ್ನ ಕೆಲಸ. ನಾನು ನಾಲ್ಕು ಹೂ ತರುತ್ತಿದ್ದೆ, ಅಜ್ಜಿ ಹೋಗಿ ಅದೇ ಗಿಡದಿಂದ ಇನ್ನೂ ಹತ್ತು ತರುತ್ತಿದ್ದಳು. "ಕಣ್ಣೆದುರಿಗೇ ಉರೀತಾ ಇದಾವಲ್ಲೋ, ಎಲ್ಲಿ ನೋಡ್ಕೊಂಡು ಬಂದೆ?" ಸೋಮಾರಿ, ಆಕಾಶ ನೋಡಿಕೊಂಡು ಓಡಾಡುವವನು ಅನ್ನುವ ಬಿರುದು ನನಗೆ ಖಾಯಂ ಆಯಿತು. ನನಗೆ ಗಿಡದಲ್ಲಿ ಉರಿಯುವಂಥದ್ದೇನೂ ಕಾಣುತ್ತಿರಲಿಲ್ಲ. ಹತ್ತಿರ ಹೋಗಿ, ಎಲೆಯಲ್ಲಿ ಕೈಯಾಡಿಸಿ, ಮೆತ್ತಗಿದ್ದರೆ ಹೂ ಅಂತ ಕೀಳುತ್ತಿದ್ದೆ. ಎಲ್ಲರೂ ಹಾಗೇ ಹುಡುಕುತ್ತಾರೆ, ಅಜ್ಜಿಗೆ ಅಭ್ಯಾಸ ಜಾಸ್ತಿ ಅಂದುಕೊಂಡಿದ್ದೆ.

ಪಿಯುಸಿ ಮುಗಿಸಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆದೆ. ಶರ್ಮಾ ಹೋದ ದಾರಿಯೇ ಅದು. 1966ರಲ್ಲಿ ಅಕಾಡೆಮಿ, 1970ರಲ್ಲಿ ವಾಯುಪಡೆ, ಮರುವರ್ಷವೇ ಬಾಂಗ್ಲಾ ಯುದ್ಧ. ಇಪ್ಪತ್ತೆರಡನೆಯ ವಯಸ್ಸಿಗೆ ಮಿಗ್-21ರಲ್ಲಿ 21 ಸಲ ಯುದ್ಧಕ್ಕೆ ಹಾರಿದವರು. ನನ್ನ ಲೆಕ್ಕದಲ್ಲಿ ನನಗೂ ಇನ್ನು ನಾಲ್ಕು ವರ್ಷ ಸಾಕಿತ್ತು. ಲಿಖಿತ ಪರೀಕ್ಷೆ ಆಯಿತು. 1991ರಲ್ಲಿ ಮೈಸೂರಿನ ಆಯ್ಕೆ ಮಂಡಳಿಗೆ ಹೋದೆ. ಅಲ್ಲಿ ಪೈಲಟ್ ಆಗುವವರಿಗೆ ಬೇರೆ ಒಂದು ಪರೀಕ್ಷೆಯಿರುತ್ತದೆ, ಬದುಕಿನಲ್ಲಿ ಒಂದೇ ಸಲ ಬರೆಯಲು ಬಿಡುತ್ತಾರೆ, ಕೈ, ಕಾಲು, ಕಣ್ಣು ಒಟ್ಟಿಗೆ ಕೆಲಸ ಮಾಡುತ್ತವೆಯೋ ನೋಡುತ್ತಾರೆ. ಅದೂ ಆಯಿತು. ಬೆಂಗಳೂರಿಗೆ ವಾಪಸ್ಸು ಬರುವ ರೈಲಿನಲ್ಲಿ ಮದ್ದೂರು ವಡೆ ತಿನ್ನುತ್ತ ನಾನು ಆಗಲೇ ಫ್ಲೈಟ್ ಲೆಫ್ಟಿನೆಂಟ್ ಆಗಿದ್ದೆ.

ವೈದ್ಯಕೀಯ ಪರೀಕ್ಷೆಯ ಮೂರನೆಯ ದಿನ ಒಬ್ಬ ಡಾಕ್ಟರು ಚುಕ್ಕಿಗಳ ಪುಸ್ತಕ ತೆರೆದರು. ಮೊದಲ ಹಾಳೆಯಲ್ಲಿ 12. ಓದಿದೆ. ಎರಡನೆಯದರಲ್ಲಿ 3 ಅಂದೆ. ಡಾಕ್ಟರು ಪುಸ್ತಕದಿಂದ ಕಣ್ಣೆತ್ತಿ ನನ್ನನ್ನು ನೋಡಿ, "ನಿಧಾನವಾಗಿ ನೋಡಿ ಹೇಳಪ್ಪ" ಅಂದರು. ನಿಧಾನವಾಗಿ ನೋಡಿದೆ. ಅದು 3ರ ಹಾಗೇ ಇತ್ತು. ಆ ಹಾಳೆಯಲ್ಲಿ ಉಳಿದವರಿಗೆ ಕಾಣುವುದು 8 ಅಂತೆ. ಮುಂದಿನ ಕೆಲವು ಹಾಳೆಗಳಲ್ಲಿ ನನಗೆ ಬರೀ ಚುಕ್ಕಿಗಳು. ಆಮೇಲೆ ಕತ್ತಲೆ ಕೋಣೆಯಲ್ಲಿ ಪುಟ್ಟ ದೀಪಗಳನ್ನು ತೋರಿಸಿ ಬಣ್ಣ ಕೇಳಿದರು, ಸುಮ್ಮನೆ ಊಹಿಸಿ ಹೇಳಿದೆ. ಅವರು ಒಳ್ಳೆಯ ಮನುಷ್ಯರು. ಕೂರಿಸಿ, ನೀರು ಕೊಟ್ಟು, ಕೆಂಪು-ಹಸಿರು ನಿನ್ನ ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ, ಇದಕ್ಕೆ ಔಷಧಿಯಿಲ್ಲ, ಕಾಯಿಲೆಯೂ ಅಲ್ಲ ಅಂದರು. ವಿಮಾನದ ಎಡ ರೆಕ್ಕೆಯ ತುದಿಯಲ್ಲಿ ಕೆಂಪು ದೀಪ, ಬಲದ್ದರಲ್ಲಿ ಹಸಿರು. ರಾತ್ರಿಯಲ್ಲಿ ಎದುರಿಗಿನ ವಿಮಾನ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದು ಅದರಿಂದಲೇ. ಅದು ತಿಳಿಯದವನ ಕೈಗೆ ವಿಮಾನ ಹೇಗೆ ಕೊಡುವುದು?

ಬೇಲಿಯ ಹತ್ತಿರ ಕೂತು ಎಷ್ಟು ರಾತ್ರಿ ಆ ದೀಪಗಳನ್ನು ನೋಡಿದ್ದೆ! ಎರಡಕ್ಕೂ ಬೇರೆ ಬಣ್ಣವಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ.

ಈ ದೋಷ ತಾಯಿಯ ಕಡೆಯಿಂದ ಬರುತ್ತದೆ. ತಾಯಿಗೆ ತಾನು ಒಯ್ಯುತ್ತಿರುವುದು ಗೊತ್ತೇ ಆಗುವುದಿಲ್ಲ, ಅವಳ ಕಣ್ಣು ಸರಿಯಾಗೇ ಇರುತ್ತದೆ, ಅವಳ ಅಪ್ಪನಿಂದ ಅವಳ ಮಗನಿಗೆ ದಾಟಿಬಿಡುತ್ತದೆ. ನಮ್ಮ ಮನೆಯಲ್ಲಿ ತಾತನ ಒಂದು ಕಥೆಯಿತ್ತು. ಮಾಗಡಿ ಸಂತೆಯಿಂದ ಹಬ್ಬಕ್ಕೆ ಕೆಂಪು ಸೀರೆ ತರುತ್ತೇನೆಂದು ಹೋಗಿ ಹಸಿರು ಸೀರೆ ತಂದು, ಇದೇ ಕೆಂಪು ಅಂತ ಇಡೀ ಊರಿನ ಜೊತೆ ವಾದ ಮಾಡಿದ್ದನಂತೆ. ಯಾವ ಮದುವೆಗೆ ಹೋದರೂ ಆ ಕಥೆ ಬಂದು ಎಲ್ಲರೂ ನಗುತ್ತಿದ್ದರು. ನಾನು ಆಸ್ಪತ್ರೆಯ ಕಾಗದ ತಂದ ದಿನದಿಂದ ಅಮ್ಮ ಆ ಕಥೆಯನ್ನು ಯಾರಿಗೂ ಹೇಳಲು ಬಿಡಲಿಲ್ಲ. ಒಂದು ರಾತ್ರಿ ನಾನು ಮಲಗಿದ್ದೇನೆಂದುಕೊಂಡು ಅಪ್ಪನ ಹತ್ತಿರ, "ನನ್ನಿಂದ ಬಂದದ್ದಂತೆ ಕಂಡ್ರಿ" ಅಂದಳು. ಅಪ್ಪ ಏನೂ ಅನ್ನಲಿಲ್ಲ. ಅಜ್ಜಿ ಮಾತ್ರ, ಮಾರನೆಯ ಬೆಳಿಗ್ಗೆ ಹೂಬುಟ್ಟಿ ತಾನೇ ತೆಗೆದುಕೊಂಡು ಹಿತ್ತಲಿಗೆ ಹೋದಳು. ಅದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ನೋಟ್‌ಬುಕ್ಕನ್ನು ಅಟ್ಟಕ್ಕೆ ಹಾಕಿದೆ. ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿದೆ. ವೈರಿನ ಕೆಲಸ ಬೇಡ, ಅಲ್ಲಿ ಮತ್ತೆ ಅದೇ ಬಣ್ಣಗಳು.

ಹಾಗೆ ನಾನು ಸೋತು ಕೂತ ಮರುವರ್ಷ, 1992ರಲ್ಲಿ, ರಾಕೇಶ್ ಶರ್ಮಾ ನಮ್ಮ ಬೇಲಿಯ ಆಚೆಗೆ ಕೆಲಸಕ್ಕೆ ಬಂದರು. 1987ರಲ್ಲಿ ವಾಯುಪಡೆಯಿಂದ ವಿಂಗ್ ಕಮಾಂಡರ್ ಆಗಿ ನಿವೃತ್ತರಾಗಿ ಎಚ್‌ಎಎಲ್ ಸೇರಿ, ನಾಸಿಕ್‌ನಲ್ಲಿ ಮುಖ್ಯ ಟೆಸ್ಟ್ ಪೈಲಟ್ ಆಗಿದ್ದವರು ಈಗ ಅದೇ ಹುದ್ದೆಗೆ ಬೆಂಗಳೂರಿಗೆ ವರ್ಗವಾಗಿದ್ದರು. ಇದನ್ನು ಅಪ್ಪ ಹೇಳಿದ್ದು ಸೊಪ್ಪಿನ ಬೆಲೆ ಹೇಳುವಷ್ಟು ಸಾಧಾರಣವಾಗಿ. ನನಗೆ ತುತ್ತು ಇಳಿಯಲಿಲ್ಲ.

"ಹೇಗಿದಾರಪ್ಪ?"

"ಹೇಗಿರ್ತಾರೆ? ಪೈಲಟ್ ಥರ ಇದಾರೆ."

"ಮಾತಾಡಿಸಿದ್ಯಾ?"

"ನಮ್ಮಂಥೋರಿಗೆ ಅವರ ಹತ್ರ ಏನಿರುತ್ತೆ ಮಾತು? ಅವರು ಬರೀತಾರೆ, ನಾವು ಸರಿ ಮಾಡ್ತೀವಿ."

ಮನೆಯಲ್ಲಿ ನಿಂತುಹೋಗಿದ್ದ ಹಳೆಯ ಪ್ರಶ್ನೆ ಹಾಗೆ ಮತ್ತೆ ಶುರುವಾಯಿತು. ಜಾಗ್ವಾರ್ ಎದ್ದು ಲೋಟಗಳು ಅದುರಿದಾಗ ನಾನು ಓದುತ್ತಿದ್ದ ಪುಸ್ತಕ ಮಡಿಚಿ ಕೇಳಿಸಿಕೊಳ್ಳುತ್ತಿದ್ದೆ, ಸಂಜೆ ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಿದ್ದೆ. "ಇವತ್ತು ಯಾರು ಹಾರಿಸಿದ್ದು?" ಬಹಳ ದಿನ ಬೇರೆ ಯಾರದೋ ಹೆಸರು. ಒಮ್ಮೊಮ್ಮೆ, ಮುಖ ಒರೆಸಿಕೊಳ್ಳುತ್ತ, "ಶರ್ಮಾ ಸಾಹೇಬ್ರು." ಆ ದಿನ ನಾನು ಕೇಳಿದ ಸದ್ದನ್ನು ಮತ್ತೆ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿದ್ದೆ. ಉಳಿದ ದಿನದ ಸದ್ದಿಗೂ ಅದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ಅದೇ ನನ್ನನ್ನು ಹಿಡಿದುಕೊಂಡದ್ದು. ಭೂಮಿಯನ್ನು ಹೊರಗಿನಿಂದ ನೋಡಿ ಬಂದವರು, ಅಶೋಕ ಚಕ್ರ ತೊಟ್ಟವರು, ಸೋವಿಯತ್ ಒಕ್ಕೂಟ ತನ್ನ ವೀರನೆಂದು ಕರೆದವರು, ಮಕ್ಕಳ ಪುಸ್ತಕಗಳಲ್ಲಿ ಆಗಲೇ ಪಾಠವಾದವರು. ಅವರು ಬಯಸಿದ್ದರೆ ಉಳಿದ ಬದುಕನ್ನು ರಿಬ್ಬನ್ ಕತ್ತರಿಸುತ್ತ ಕಳೆಯಬಹುದಿತ್ತು. ಅದು ಬಿಟ್ಟು, ಬೆಳಿಗ್ಗೆ ಎದ್ದು, ಹೊಸ ವಿಮಾನ ಎಡಕ್ಕೆ ಎಳೆಯುತ್ತದೆಯೋ ಬಲಕ್ಕೋ ನೋಡಲು ಬರುತ್ತಿದ್ದರು. ಅವರು ಬರೆದ ಸ್ನ್ಯಾಗನ್ನು ನನ್ನ ಅಪ್ಪ ಸರಿಮಾಡುತ್ತಿದ್ದ, ಅಥವಾ ಅಪ್ಪನ ಪಕ್ಕದ ಬೆಂಚಿನವನು. ಬಾಹ್ಯಾಕಾಶದಲ್ಲಿ ಅವರು ಕಳೆದದ್ದು ಎಂಟು ದಿನಕ್ಕೂ ಕಮ್ಮಿ. ವಿಮಾನ ಹಾರಿಸಿದ್ದು ಮೂವತ್ತು ವರ್ಷಕ್ಕೂ ಮೇಲೆ. ಹುಡುಗನಾಗಿ ನಾನು ಎಂಟು ದಿನವನ್ನು ನಿಮಿಷದ ಲೆಕ್ಕದಲ್ಲಿ ಬಾಯಿಪಾಠ ಮಾಡಿದ್ದೆ, ಮೂವತ್ತು ವರ್ಷ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಗಿಡದಲ್ಲಿ ಹೂ ಕಾಣದ ಹಾಗೆ.

ಡಿಪ್ಲೊಮಾ ಮುಗಿದ ಮೇಲೆ ವಿಮಾನದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅಳತೆ ವಿಭಾಗಕ್ಕೆ ಸೇರಿದೆ. ಈಗಲೂ ಅದೇ ಕೆಲಸ, ಯಂತ್ರಗಳು ಮಾತ್ರ ಬದಲಾಗಿವೆ. ಬ್ರಾಕೆಟ್ಟೋ ಬುಷ್ಷೋ ಮೇಜಿಗೆ ಬರುತ್ತದೆ, ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ಒಂದೆರಡು ಪಾಲಿನಷ್ಟು ಹೆಚ್ಚುಕಡಿಮೆ ಇದ್ದರೆ ವಾಪಸ್ಸು ಹೋಗುತ್ತದೆ. ಲೋಹಕ್ಕೆ ಬಣ್ಣದ ಹಂಗಿಲ್ಲ. ನಾನು ವಾಪಸ್ಸು ಕಳಿಸಿದ ಕಾಗದದ ಮೇಲೆ ಕಾರಣ ಬರೆಯುವ ಕಡೆ, ಮೊದಮೊದಲು ಯಾರೂ ನೋಡದಂತೆ, ಸ್ನ್ಯಾಗ್ ಅಂತಲೇ ಬರೆಯುತ್ತಿದ್ದೆ.

ಆ ವರ್ಷಗಳಲ್ಲಿ ನೋಟ್‌ಬುಕ್ಕನ್ನು ಅಟ್ಟದಿಂದ ಇಳಿಸಿ, ಹುಡುಗನಾಗಿದ್ದಾಗ ಬಿಟ್ಟದ್ದನ್ನೆಲ್ಲ ತುಂಬಿಕೊಳ್ಳುತ್ತ ಹೋದೆ. ಶರ್ಮಾರ ಪಕ್ಕ ಕೂತಿದ್ದ ಸ್ಟ್ರೆಕಾಲೊವ್ ವಿಷಯವನ್ನೇ ನೋಡಿ. 1983ರ ಸೆಪ್ಟೆಂಬರಿನಲ್ಲಿ ಅವರಿದ್ದ ರಾಕೆಟ್ಟಿಗೆ ನೆಲದ ಮೇಲೆಯೇ ಬೆಂಕಿ ಹತ್ತಿತು. ತುದಿಯಲ್ಲಿದ್ದ ಪಾರುಗಾಣಿಸುವ ಪುಟ್ಟ ರಾಕೆಟ್ ಅವರ ಕೋಶವನ್ನು ಕಿತ್ತುಕೊಂಡು ಹಾರಿದ ಕ್ಷಣಗಳಲ್ಲೇ ಕೆಳಗೆ ಎಲ್ಲ ಸಿಡಿಯಿತು. ಅದಾಗಿ ಏಳು ತಿಂಗಳು ತುಂಬುವ ಮೊದಲೇ ಆ ಮನುಷ್ಯ ಅದೇ ಬೈಕನೂರಿಗೆ ಬಂದು ಅಂಥದೇ ರಾಕೆಟ್ ಹತ್ತಿ ಶರ್ಮಾರ ಪಕ್ಕ ಬೆಲ್ಟ್ ಬಿಗಿದುಕೊಂಡ. ಹೊಸತೊಡಕಿನ ಸಂಜೆ ಡಯನೋರಾದಲ್ಲಿ ಕಂಡ ಮೂರು ಮುಖಗಳಲ್ಲಿ ಒಂದಕ್ಕೆ ಇಷ್ಟು ಗೊತ್ತಿತ್ತು.

ಇನ್ನೊಂದು ಸಂಗತಿ ತಿಳಿದು ನಾನು ಒಬ್ಬನೇ ನಕ್ಕಿದ್ದೇನೆ. ಆಯ್ಕೆಯ ಹೊತ್ತಿನಲ್ಲಿ, ಇಕ್ಕಟ್ಟಿನ ಜಾಗದ ಭಯವೇನಾದರೂ ಒಳಗೆ ಅಡಗಿದೆಯೋ ನೋಡಲು, ಶರ್ಮಾರನ್ನು ಬೆಂಗಳೂರಿನ ವಾಯುಪಡೆಯ ಕೇಂದ್ರದಲ್ಲಿ 72 ಗಂಟೆ ಒಂದು ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಆಗ ನಾನು ಇದೇ ಬೆಂಗಳೂರಿನಲ್ಲಿ ಚಿನ್ನಿದಾಂಡು ಆಡಿಕೊಂಡಿದ್ದ ಒಂಬತ್ತರ ಹುಡುಗ. ಊರಿನ ಯಾವ ವಿಮಾನದ ಸದ್ದೂ ನನಗೆ ತಪ್ಪುವುದಿಲ್ಲ ಅಂದುಕೊಂಡಿದ್ದ ಆ ಹುಡುಗನಿಗೆ ಅಲ್ಲೊಬ್ಬರು ಮೂರು ದಿನ ಸದ್ದಿಲ್ಲದೆ ಕೂತದ್ದು ಹೇಗೆ ಗೊತ್ತಾಗಬೇಕು?

ಮತ್ತೊಂದು, ಕ್ಯಾಮೆರಾದ್ದು. ಸಲ್ಯೂತ್‌ನಲ್ಲಿ ಶರ್ಮಾ ಯೋಗಾಸನ ಹಾಕಿದ್ದೇ ಎಲ್ಲರಿಗೂ ನೆನಪು, ಭಾರವಿಲ್ಲದ ಕಡೆ ಸ್ನಾಯುಗಳಿಗೆ ಅದು ನೆರವಾಗುತ್ತದೆಯೋ ಅನ್ನುವ ಪ್ರಯೋಗ ಅದು. ಆದರೆ ಅವರ ಹೊತ್ತಿನ ಒಂದು ದೊಡ್ಡ ಪಾಲು ಹೋದದ್ದು ಭಾರತದ ನೆಲ, ನೀರು, ಕಾಡುಗಳ ಚಿತ್ರ ತೆಗೆಯುವುದಕ್ಕೆ. ಪೂರ್ವ ಜರ್ಮನಿಯಲ್ಲಿ ಮಾಡಿದ ಆ ಕ್ಯಾಮೆರಾಕ್ಕೆ ಆರು ಕಣ್ಣು. ನಾಲ್ಕು ಮನುಷ್ಯರಿಗೆ ಕಾಣುವ ಬೆಳಕನ್ನು ಹಿಡಿದರೆ ಎರಡು ಯಾರ ಕಣ್ಣಿಗೂ ಕಾಣದ ಅವಕೆಂಪನ್ನು ಹಿಡಿಯುತ್ತವೆ. ಹಸಿರೆಲೆ ಆ ಕಾಣದ ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಎಸೆಯುತ್ತದೆ, ಹಾಗಾಗಿ ಇಂಥ ಚಿತ್ರಗಳನ್ನು ಅಚ್ಚುಹಾಕುವಾಗ ಕಾಡನ್ನು ಸಾಮಾನ್ಯವಾಗಿ ಕೆಂಪಾಗಿ ತೋರಿಸುತ್ತಾರೆ. ಒಂದು ವಸ್ತುಪ್ರದರ್ಶನದಲ್ಲಿ ಪಶ್ಚಿಮ ಘಟ್ಟದ ಉಪಗ್ರಹ ಚಿತ್ರದ ಮುಂದೆ ಜನ ನಿಂತು "ಇದೇನು, ಮಲೆನಾಡೆಲ್ಲ ಕೆಂಪು!" ಅನ್ನುತ್ತಿದ್ದರು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮಲೆನಾಡು ಮಲೆನಾಡಿನ ಹಾಗೇ ಇತ್ತು.

2001ರ ಜನವರಿ 4ರಂದು ತೇಜಸ್ ಯುದ್ಧವಿಮಾನ ಮೊದಲ ಸಲ ಎದ್ದಿತು. ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಹಾರಿಸಿದ್ದು. ಆವತ್ತು ಬೇಲಿಯುದ್ದಕ್ಕೂ ಜನ. ಶರ್ಮಾ ಹಾರಾಟ ಬಿಟ್ಟದ್ದು ಆ ವರ್ಷವೇ, ಅಪ್ಪ ಟೋಕನ್ ಒಪ್ಪಿಸಿ ಮನೆಗೆ ಬಂದದ್ದೂ ಆ ವರ್ಷವೇ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ನಮ್ಮ ಬೀದಿಯಲ್ಲಿ ಮಧ್ಯಾಹ್ನ ನಿದ್ದೆ ಮಾಡುವುದು ಸಾಧ್ಯವಾಯಿತು. ಅಪ್ಪನಿಗೆ ಮಾತ್ರ ನಿದ್ದೆ ಬರುತ್ತಿರಲಿಲ್ಲ.

ಶರ್ಮಾ ಆಮೇಲೆ ನೀಲಗಿರಿಯ ಕೂನೂರಿಗೆ ಹೋಗಿ ನೆಲೆಸಿದರು. ಮಲ್ಹೋತ್ರಾ ಏರ್ ಕಮೊಡೋರ್ ಆಗಿ ವಾಯುಪಡೆ ಬಿಟ್ಟು, ಬೆಂಗಳೂರಿನಲ್ಲೇ ವಿಮಾನದ ಭಾಗಗಳನ್ನು ತಯಾರಿಸುವ ಉದ್ಯಮದಲ್ಲಿ ತೊಡಗಿಕೊಂಡರು. ಹೋದವರು ಬೆಟ್ಟ ಹತ್ತಿದರು, ಹೋಗದವರು ನನ್ನದೇ ಕಸುಬಿನ ಕಡೆ ಬಂದರು. ಕಸದ ಬುಟ್ಟಿಯಿಂದ ಅಪ್ಪ ಎತ್ತಿಕೊಟ್ಟ ಆ ಅರ್ಧ ಚಿತ್ರವನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ.

2018ರ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಊಟಿಗೆ ಹೋಗಿದ್ದೆವು. ವಾಪಸ್ಸು ಬರುವ ಮೊದಲು ಕೂನೂರು ನೋಡೋಣವೆಂದು ಇಳಿದೆವು. ತೋಟಗಳ ನಡುವೆ ಒಂದು ತಿರುವಿನಲ್ಲಿ ಟೀ ಅಂಗಡಿ. ಹೆಂಡತಿ, ಮಗಳು ಫೋಟೊ ತೆಗೆದುಕೊಳ್ಳುತ್ತಿದ್ದರು. ನಾನೂ ಅಪ್ಪನೂ ಬೆಂಚಿನ ಮೇಲೆ.

"ಇಲ್ಲೇ ಎಲ್ಲೋ ಇದಾರೆ ಸಾಹೇಬ್ರು," ಅಂದ ಅಪ್ಪ.

"ಮನೆ ಎಲ್ಲಿ ಅಂತ ಕೇಳ್ಲಾ? ಅಂಗಡಿಯವನಿಗೆ ಗೊತ್ತಿರುತ್ತೆ."

"ಯಾಕೆ? ಏನಂತ ಹೋಗ್ತೀಯ? ರಿಟೈರ್ ಆಗಿದಾರೆ, ಬಿಡು."

ಕೆಳಗಿನ ಕಣಿವೆಯಿಂದ ಒಂದು ಸದ್ದು ಬಂತು. ಆಗಲೇ ಅಪ್ಪನ ಕಿವಿ ಅರ್ಧ ಹೋಗಿತ್ತು, ನಾವು ಪಕ್ಕದಲ್ಲಿ ಕೂತು ಹೇಳಿದ್ದು ಎಷ್ಟೋ ಸಲ ಕೇಳುತ್ತಿರಲಿಲ್ಲ. ಆದರೆ ಅವನು ಟೀ ಲೋಟ ಕೆಳಗಿಟ್ಟು ತಲೆ ಓರೆ ಮಾಡಿದ.

"ಚೀತಾ," ಅಂದ. "ನಮ್ದೇ."

ನಾನು ಎದ್ದು ನಿಂತು ನೋಡಿದೆ. ಗುಡ್ಡದ ಮೇಲೆ ಗುಡ್ಡ, ಟೀ ಗಿಡದ ಸಾಲು, ಅದರಾಚೆ ಕಾಡು. ಹೆಲಿಕಾಪ್ಟರ್ ಎಲ್ಲಿದೆಯೋ ಸಿಗಲಿಲ್ಲ. ಸದ್ದು ಮಾತ್ರ ಹತ್ತಿರವಾಗಿ, ನಮ್ಮನ್ನು ದಾಟಿ, ವೆಲಿಂಗ್ಟನ್ ಕಡೆ ತಿರುಗಿತು.

"ಯಾರು ಹಾರಿಸ್ತಿರೋದಪ್ಪ?"

ಅಪ್ಪ ನನ್ನ ಮುಖ ನೋಡಿ ನಕ್ಕ. ಎಷ್ಟೋ ವರ್ಷದ ಮೇಲೆ ಆ ಪ್ರಶ್ನೆ ಕೇಳಿದ್ದೆ.

"ಯಾರೋ ಡ್ಯೂಟಿ ಮೇಲಿರೋ ಹುಡುಗ ಕಣೋ. ಟೀ ಆರ್ತಾ ಇದೆ, ಕುಡಿ."